ನರಸಪ್ಪನ ಗೋಡೆಗೂ ಒಂದು ಗಾಜು

ಸಿಂಗಸಂದ್ರದಲ್ಲಿ ಶಿವಲಿಂಗಮ್ಮನಿಗೆ ‘ಟೇಪು ಮೇಡಂ’ ಎಂದು ಹೆಸರು ಬಿದ್ದಿತ್ತು. ಹಾವೇರಿ ಕಡೆಯವಳು. ನೀರಾವರಿ ಕಚೇರಿಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದು ನಿವೃತ್ತಳಾಗಿ ಇಲ್ಲಿ ಮನೆ ಕಟ್ಟಿಸಿದ್ದಳು. ಕಟ್ಟಿಸುವಾಗ ಅಳತೆ ಟೇಪು ಹಿಡಿದು ಮೇಸ್ತ್ರಿಯ ಬೆನ್ನು ಬಿದ್ದದ್ದರಿಂದ ಬಂದ ಹೆಸರು. ಕಿವಿಗೆ ಬಿದ್ದಾಗ ಅವಳಿಗೆ ಬೇಸರವೇನೂ ಆಗುತ್ತಿರಲಿಲ್ಲ. ಆಕೆಯ ಮನೆಯ ಮೂಲೆಗಳೆಲ್ಲ ಮಟ್ಟಸವಾಗಿದ್ದವು.

ತೊಂಬತ್ತಾರರ ಫೆಬ್ರವರಿಯಲ್ಲಿ ಪಕ್ಕದ ನರಸಪ್ಪ ಗುಂಡಿ ತೋಡಿಸತೊಡಗಿದ. ಸುತ್ತಲಿನ ನೆಲವೆಲ್ಲ ಒಂದು ಕಾಲಕ್ಕೆ ಅವನದೇ. ಅವನ ಹಳೆಯ ಮನೆಗೂ ಶಿವಲಿಂಗಮ್ಮನ ಮನೆಗೂ ನಡುವೆ ಉಳಿದಿದ್ದ ಖಾಲಿ ಜಾಗದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬರುವವರಿಗಾಗಿ ನಾಲ್ಕು ಅಂತಸ್ತು ಬಾಡಿಗೆ ಕೋಣೆ, ಕೆಳಗೆ ಬೈಕು ನಿಲ್ಲಿಸಲು ಸೆಲ್ಲಾರ್. ಗುಂಡಿ ಹತ್ತಡಿ ಆಳ, ಅವಳ ಗೋಡೆಗೆ ಒಂದು ಗೇಣು ದೂರ. ನಾಲ್ಕನೆಯ ದಿನ ಅಡುಗೆಮನೆಯ ಕಿಟಕಿಯ ಮೂಲೆಯಿಂದ ಬಿರುಕು ಹೊರಟಿತು.

“ನರಸಪ್ಪನವರ, ನನ್ನ ಗ್ವಾಡಿ ಬಿರುಕು ಬಿಟ್ಟೈತಿ. ಅಗಿಯೋದು ನಿಲ್ಲಸ್ರಿ.”

“ಬುಡಿ ಮೇಡಮ್ಮೋರೆ, ಒಸ ಸಿಮೆಂಟು, ಬಿಸ್ಲಿಗೆ ಅಂಗೇಯ. ನಮ್ಮಪ್ಪ ಇದೇ ನೆಲದಲ್ಲಿ ಮೂವತ್ತಡಿ ಬಾವಿ ತೋಡ್ದ. ಒಂದ್ ಎಂಟೆ ಮಣ್ಣು ಕುಸೀನಿಲ್ಲ.”

“ನಿಮ್ಮಪ್ಪ ತೋಡಿದ್ದು ಗಟ್ಟಿ ನೆಲ. ಆಮ್ಯಾಲೆ ನೀವು ಇಟ್ಟಿಗಿ ಗೂಡಿಗೆ ಮಣ್ಣು ಮಾರಿ, ಆ ತಗ್ಗಿಗೆ ಬೂದಿ, ಒಡಕು ಇಟ್ಟಿಗಿ ತುಂಬಿದ್ರಿ. ನನ್ನ ಪಾಯ ಅಗಿದಾಗ ಅದೇ ಬಂತು.”

ನರಸಪ್ಪ ಬೀಡಿ ಹಚ್ಚಿದ. ಅಗೆಯುವ ಆಳುಗಳಿಗೆ ಮುಂದುವರಿಸಲು ಸನ್ನೆ ಮಾಡಿದ.

ಅವಳು ಪಂಚಾಯಿತಿ ಕಚೇರಿಗೆ ಹೋದಳು. “ಲೈಸೆನ್ಸ್ ಕೊಟ್ಟಿರೋದು ಎರಡೇ ಅಂತಸ್ತಿಗೆ ಮೇಡಂ, ಸೆಲ್ಲಾರ್‌ಗೆ ಕೊಟ್ಟೇ ಇಲ್ಲ. ಸೋಮವಾರ ಬಂದು ನೋಡ್ತೀನಿ,” ಎಂದ ಕಾರ್ಯದರ್ಶಿ.

“ಯಾವ ಸೋಮವಾರ?”

ಅವನು ಮುಂದಿನ ಕಡತ ಎಳೆದುಕೊಂಡ. ದೂರಿನ ನಕಲಿಗೆ ಮೊಹರು ಹಾಕಿಸಿಕೊಂಡು ಅವಳು ಅಲ್ಲಿಂದ ನೇರ ಫೋಟೋಗೆ ಕಟ್ಟು ಹಾಕುವ ಅಂಗಡಿಗೆ ನಡೆದಳು. ತೆಳು ಗಾಜಿನ ನಾಲ್ಕು ಪಟ್ಟಿ ಕೊಯ್ಯಿಸಿಕೊಂಡು ಬಂದಳು.

ಕಾಲುವೆಯ ಸೇತುವೆಗಳಲ್ಲಿ ಬಿರುಕು ಕಂಡರೆ ಅವಳ ಕಚೇರಿಯವರು ಇದನ್ನೇ ಮಾಡುತ್ತಿದ್ದರು. ಬಿರುಕಿಗೆ ಅಡ್ಡಲಾಗಿ ಗಾಜಿಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತುವುದು, ಪಕ್ಕದಲ್ಲಿ ತಾರೀಖು ಬರೆಯುವುದು. ಬಿರುಕು ನಿಂತಿದ್ದರೆ ಗಾಜು ಉಳಿಯುತ್ತದೆ, ಬೆಳೆಯುತ್ತಿದ್ದರೆ ಒಡೆಯುತ್ತದೆ. ಮೂರು ಪಟ್ಟಿಗಳನ್ನು ಅವಳು ತನ್ನ ಗೋಡೆಗೆ ಕೂರಿಸಿದಳು.

“ಏನ್ ಮೇಡಮ್ಮೋರೆ, ಗ್ವಾಡೆಗೆ ಪಟ್ಟಿ ಕಟ್ತಾ ಇದೀರಾ?” ಎಂದು ನರಸಪ್ಪ ಗುಂಡಿಯ ಆಚೆಯಿಂದ ನಕ್ಕ.

ಮೂರನೆಯ ದಿನಕ್ಕೆ ಎರಡು ಗಾಜು ಒಡೆದವು. ಅವಳು ಅವನನ್ನು ಕರೆದು ತೋರಿಸಿದಳು.

“ನೀವೇ ಕುಟ್ಕಂಡಿದ್ರೆ? ಕಂಡೋರ್ಯಾರು?”

ಇಂಥ ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು. “ಹಂಗಾರ ಇನ್ನೊಂದು ಗಾಜು ಉಳದೈತಿ, ನಿಮ್ಮ ಮನಿಗೆ ಹಚ್ಚೋಣು. ನಿಮ್ಮ ಗ್ವಾಡಿ, ನಿಮ್ಮ ಕಾವಲು.”

“ನಮ್ ಮನೇಲಿ ಬಿರುಕೆಲ್ಲೈತೆ?”

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಲಕ್ಷ್ಮಮ್ಮ ಕೆಮ್ಮಿದಳು. “ದೇವರ ಗ್ವಾಡೇಲಿ ಐತೆ. ಸಿವರಾತ್ರಿ ಸುಣ್ಣ ಒಡೆಯೋವಾಗ ನಾನೇ ಮೆತ್ತಿ ಮುಚ್ದೆ. ಯೋಳಿದ್ರೆ ನೀನು ಕೂಗಾಡ್ತಿದ್ದೆ.”

ನರಸಪ್ಪ ಹೆಂಡತಿಯನ್ನು ದುರುಗುಟ್ಟಿ ನೋಡಿದ. ಆಮೇಲೆ ಗುಂಡಿಯ ಕಡೆ ತಿರುಗಿ ಮೇಸ್ತ್ರಿಯನ್ನು ಕೂಗಿ ಕರೆದ. ಅವನ ಮೇಸ್ತ್ರಿ ದ್ಯಾಮಣ್ಣ ಸುಣ್ಣ ಕೆರೆದ. ಬಿರುಕಿಗೆ ಅವನ ಕಿರುಬೆರಳ ಉಗುರು ಇಳಿಯಿತು. ಗಾಜನ್ನು ಅವನೇ ಕೂರಿಸಿದ, ಶಿವಲಿಂಗಮ್ಮ ತಾರೀಖು ಬರೆದಳು.

ಮರುದಿನ ಮಧ್ಯಾಹ್ನ ಲಕ್ಷ್ಮಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. “ಮೇಡಮ್ಮೋರೆ, ಮುದ್ದೆ ಕಟ್ತಿದ್ದೆ, ಟಿಕ್ ಅಂತು! ಅಲ್ಲಿ ಯಾರೂ ಇರ್ನಿಲ್ಲ, ದೇವರಾಣೆ!”

ನರಸಪ್ಪ ದೇವರ ಕೋಣೆಯಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಗಾಜನ್ನೇ ನೋಡುತ್ತಿದ್ದ. ಬೀಡಿ ಇರಲಿಲ್ಲ. “ಈಗೇನ್ ಮಾಡಾನ?”

ಶಿವಲಿಂಗಮ್ಮ ಸೆರಗಿನಡಿಯಿಂದ ಹಾಳೆ ತೆಗೆದಳು. ಸೆಲ್ಲಾರ್ ಇಲ್ಲ. ಎರಡೂ ಮನೆಗಳ ಕಡೆಗೆ ಮಣ್ಣು ಜಾರದಂತೆ ಸೈಜುಗಲ್ಲಿನ ಗೋಡೆ, ಅದೂ ಒಂದೇ ಸಲಕ್ಕಲ್ಲ, ನಾಲ್ಕು ನಾಲ್ಕು ಅಡಿಯಂತೆ. ಆಮೇಲೆ ಗುಂಡಿಗೆ ಮಣ್ಣು ತುಂಬಿ ನೀರು ಹಾಕಿ ಕುಟ್ಟಿ ದಮ್ಮಸು ಮಾಡುವುದು. ಕಟ್ಟಡಕ್ಕೂ ಅವಳ ಗೋಡೆಗೂ ನಡುವೆ ಮೂರಡಿ. ಎರಡೇ ಅಂತಸ್ತು. ಅವಳ ಅಡುಗೆಮನೆಯ ದುರಸ್ತಿ ನರಸಪ್ಪನದು. ಕೆಳಗೆ ಸಹಿಗೆ ಜಾಗ.

ದ್ಯಾಮಣ್ಣ ಹಾಳೆಯನ್ನು ಎರಡು ಸಲ ಓದಿದ. “ಸರಿಯಾಗೈತಣ್ಣ. ಮಳೆಗಾಲ ಬರೋದ್ರೊಳಗೆ ಮುಗಿಸ್ಬೇಕು.”

ನರಸಪ್ಪ ಸಹಿ ಮಾಡಿ ಪೆನ್ನು ಕೊಡುತ್ತ ಕೇಳಿದ: “ಇದ್ನ ಯಾವಾಗ ಬರ್ದ್ರಿ?”

“ಗಾಜು ತರೂಕಿಂತ ಮೊದಲು.”

ಏಪ್ರಿಲ್ ಕೊನೆಗೆ ಕಲ್ಲುಗೋಡೆ, ಮಣ್ಣಿನ ಕೆಲಸ ಮುಗಿಯಿತು. ಅವಳು ಎರಡೂ ಮನೆಗಳಿಗೆ ಹೊಸ ಗಾಜು ಹಚ್ಚಿದಳು. ಮಳೆಗಾಲದಲ್ಲಿ ಒಂದು ಸೋಮವಾರ ಕಾರ್ಯದರ್ಶಿ ಬಂದು, ಮೂರಡಿ ಜಾಗದಲ್ಲಿ ಕೊಡೆ ಹಿಡಿದು ನಿಂತು, ಎಲ್ಲ ಕಾಯಿದೆ ಪ್ರಕಾರ ಇದೆಯೆಂದು ಬರೆದುಕೊಂಡು ಹೋದ.

ನರಸಪ್ಪ ಈಗ ಬೆಳಗ್ಗೆ ಹಲ್ಲುಜ್ಜುತ್ತಲೇ ದೇವರ ಕೋಣೆಗೆ ಹೋಗಿ ನೋಡಿ ಬಂದು, ಕಾಂಪೌಂಡಿನ ಮೇಲಿಂದ ಕೂಗುತ್ತಾನೆ: “ನಂದು ನೆಟ್ಟಗೈತೆ ಮೇಡಮ್ಮೋರೆ. ನಿಮ್ದು?”

“ನಂದೂ,” ಎಂದು ಹೇಳಿ ಶಿವಲಿಂಗಮ್ಮ ಕಿಟಕಿ ಹಾಕಿಕೊಳ್ಳುತ್ತಾಳೆ.