ಹಿಂದಿನ ಸೀಟಿನಲ್ಲಿ ಮೊದಲು ಕುಳಿತವರು

ನೆಲಕ್ಕೆ ಮೊಣಕಾಲೂರಿ ದುಡಿದು ದುಡಿದು ಅವರ ಎರಡೂ ಮೊಣಕಾಲುಗಳು ಒಂಟೆಯ ಮೊಣಕಾಲಿನಂತೆ ದಡ್ಡುಗಟ್ಟಿ ಕಪ್ಪಾಗಿದ್ದವು. ಪ್ಯಾಂಟನ್ನು ಮೇಲಕ್ಕೆ ಮಡಚಿ, ಕಲ್ಲುಹಾಸಿನ ಮೇಲೆ ಗಾಡಿಯೊಂದರ ಮುಂದೆ ಬಾಗಿದ್ದ ಅವರನ್ನು ಮೊದಲ ಸಲ ಕಂಡಾಗ, ಯಾರೋ ಪೂಜೆಗೆ ಕುಳಿತಿದ್ದಾರೆಂದು ಕ್ಷಣಕಾಲ ಭ್ರಮಿಸಿದ್ದೆ.

ಶಹಾಬಾದಿನಿಂದ ವಾಡಿಗೆ ಹೋಗುವ ರಸ್ತೆಯ ಬದಿಗೆ ಅವರ ಗಾಡಿ ರಿಪೇರಿಯ ತಗಡಿನ ಅಂಗಡಿ. ಎಲ್ಲರೂ ಅವರನ್ನು ಮಿಸ್ತ್ರಿ ಎನ್ನುತ್ತಿದ್ದರು. ಒಳಗೆ ಬುದ್ಧನ ಪುಟ್ಟ ಪಟವೊಂದಿತ್ತು. ಲಿಂಗಪೂಜೆ ಮುಗಿಸಿ ಹಣೆಯ ವಿಭೂತಿಯೊಡನೆ ನಾನು ಹೋದರೆ, "ಬರ್ರಿ ಮಾಸ್ತರ್ರಿ, ಕುಂದ್ರಿ. ನಿಮ್ಮ ಪೂಜಾ ಮುಗೀತು, ನಂದು ಇನ್ನಾ ನಡದದ" ಎಂದು ನಗುತ್ತಿದ್ದರು.

ಚಿತ್ತಾಪುರದ ಶಾಲೆಯಲ್ಲಿ ಕನ್ನಡ, ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು ನಾನು. ತಂದೆಯವರು ಬಿಟ್ಟುಹೋದ ಹಳೆಯ ಮೋಟಾರ್ ಸೈಕಲ್ಲೇ ಇಂದಿಗೂ ನನ್ನ ವಾಹನ. ಇಪ್ಪತ್ತು ವರ್ಷ ಅದನ್ನು ಸಂಬಾಳಿಸಿದವರು ಮಿಸ್ತ್ರಿ. ಹಿಂದಿನ ಶಾಕ್ ಅಬ್ಸಾರ್ಬರ್‌ಗಳನ್ನು ಅವರು ಎಂದೂ ಎರಡನ್ನೂ ಕೂಡಿ ಬಿಚ್ಚುತ್ತಿರಲಿಲ್ಲ. "ಎರಡೂ ಒಮ್ಮಿಗೇ ಬಿಚ್ಚಿದ್ರ ಗಾಡಿ ಮುದುಕರಂಗ ಕುಂತುಬಿಡ್ತದ್ರಿ. ಏಳಸೋದು ಭಾಳ ತ್ರಾಸ." ಹಿಂದಿನ ಚಕ್ರದ ಕೆಲಸ ಮುಗಿದ ಮೇಲೆ ಅವರದೊಂದು ನೇಮವಿತ್ತು. ಗಾಡಿಯ ಧಣಿಯೇ ಓಡಿಸಬೇಕು, ಹಿಂದಿನ ಸೀಟಿನಲ್ಲಿ ತಾವು ಕೂರಬೇಕು. "ಮುಂದ ಕುಂತವಗ ಹಿಂದಿನ ಸುದ್ದಿ ಏನ್ ಗೊತ್ತಿರ್ತದ?" ಎನ್ನುವರು.

ಎರಡು ವರ್ಷದ ಹಿಂದಿನ ಮಾತು. ಆ ಗಾಡಿಯ ಶಾಕ್ ಅಬ್ಸಾರ್ಬರ್‌ಗಳ ಎಣ್ಣೆ ಸೋರಿ, ಪ್ರತಿ ತಗ್ಗಿನ ಪೆಟ್ಟೂ ನನ್ನ ಮಡದಿಯ ಸೊಂಟಕ್ಕೆ ನೇರವಾಗಿ ತಟ್ಟುತ್ತಿತ್ತು. ಅಸಲಿ ಕಂಪನಿಯ ಭಾಗಗಳು ಈಗ ಎಲ್ಲಿಯೂ ಸಿಗವು. ಫೋನಿನಲ್ಲಿ ಹುಡುಕಿ, ಬೇರೆ ಯಾರೋ ಮಾಡಿದ, ಬೆಳ್ಳಿಯಂತೆ ಹೊಳೆಯುವ ಜೋಡಿಯೊಂದನ್ನು ತರಿಸಿದೆ. ಮರುದಿನ ಮಡದಿಯನ್ನು ಸೇಡಂಗೆ, ಅವಳ ತಂಗಿಯ ಮನೆಗೆ ಕರೆದೊಯ್ಯುವುದಿತ್ತು; ಮಿಸ್ತ್ರಿಗೂ ಅದನ್ನು ಹೇಳಿದ್ದೆ.

ಮಿಸ್ತ್ರಿ ಅವನ್ನು ಬೆಳಕಿಗೆ ಹಿಡಿದು, ಕೆಳತುದಿಯ ಬಳೆಯ ಮೇಲೆ ಉಗುರಾಡಿಸಿದರು.

"ಇವು ಬ್ಯಾಡ್ರಿ. ಮಿಂಚತಾವ, ಖರೆ. ಆದ್ರ ಈ ಕಡಿ ವೆಲ್ಡಿಂಗ್ ನನಗ ಸರಿ ಕಾಣವಲ್ದು. ಎಂಟು ದಿನ ತಡೀರಿ, ನಾನೇ ಚಲೋವು ಹುಡುಕ್ತೀನಿ."

ನನಗೆ ಸಿಟ್ಟು ಬಂತು. "ನಿಮ್ಮ ಅಂಗಡಿಯಲ್ಲಿ ಕೊಳ್ಳಲಿಲ್ಲವೆಂದು ಹೀಗೆನ್ನುತ್ತೀರೇನು? ನಿಮಗಾಗದಿದ್ದರೆ ಕಲಬುರಗಿಗೆ ಒಯ್ದು ಹಾಕಿಸುತ್ತೇನೆ" ಎಂದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡರು. ಒಂದು ಬದಿ ಬಿಚ್ಚಿ ಕೂರಿಸಿದರು, ಬಳಿಕ ಮತ್ತೊಂದು. ಸಂಜೆಯ ಹೊತ್ತಿಗೆ ಎದ್ದು ಹಿಂದೆ ಕುಳಿತು, "ಸಾವಕಾಶ ಹೊಡೀರಿ" ಎಂದಷ್ಟೇ ಹೇಳಿದರು.

ಕಲ್ಲಿನ ಲಾರಿಗಳು ತೋಡಿಟ್ಟ ಮೂರನೆಯ ತಗ್ಗಿನಲ್ಲಿ ಬೆನ್ನ ಹಿಂದೆ ಲಟ್ಟೆಂಬ ಸದ್ದು. ಗಾಡಿ ಒಂದು ಮಗ್ಗುಲಿಗೆ ವಾಲಿತು. ನನ್ನ ಭುಜದ ಮೇಲಿದ್ದ ಅವರ ಕೈಯ ಭಾರ ಇದ್ದಕ್ಕಿದ್ದಂತೆ ಇಲ್ಲವಾಯಿತು. ನಾನು ಬಿದ್ದದ್ದು ಮಣ್ಣಿನಲ್ಲಿ. ಅವರು ರಸ್ತೆಬದಿಯ ಕಲ್ಲುಚಪ್ಪಡಿಗಳ ರಾಶಿಯ ಮೇಲೆ. ಎದ್ದು ನೋಡಿದರೆ, ಅವರ ಬಲ ಮುಂಗೈ ತಿರುಚಿ ಬಿದ್ದಿತ್ತು. ಆ ಸ್ಥಿತಿಯಲ್ಲಿಯೂ ಅವರ ಕಣ್ಣು ಮುರಿದ ವೆಲ್ಡಿಂಗನ್ನೇ ನೋಡುತ್ತಿತ್ತು.

ಆಸ್ಪತ್ರೆಯಲ್ಲಿ ಅವರ ಹೆಂಡತಿ ತಲೆಬಾಗಿಲಲ್ಲಿಯೇ ನನ್ನನ್ನು ತಡೆದರು. "ಮಧ್ಯಾಹ್ನ ಉಣ್ಣಾಕ ಬಂದಾಗ ಹೇಳಿದ್ರಿ ಇವರು, ಆ ಸಾಮಾನಿನ ಮ್ಯಾಲ ಭರೋಸಾ ಇಲ್ಲ, ಇವತ್ತು ಬಿದ್ರೂ ಬೀಳ್ತೀನಿ ಅಂತ."

ಒಳಗೆ ಹೋದೆ. ಅವರ ಹಾಸಿಗೆಯ ಬಳಿ ನಿಂತು ಕೇಳಿದೆ. "ಗೊತ್ತಿದ್ದೂ ಏಕೆ ಕುಳಿತಿರಿ?"

"ನಾ ಒಲ್ಲೆ ಅಂದ್ರ ನೀವು ಕಲಬುರಗಿಗೆ ಹೋಗ್ತಿದ್ರಿ. ಅಲ್ಲಿಯವ್ರು ಹಾಕಿ ಕೊಡ್ತಾರ, ಹಿಂದ ಕುಂದರ್ತಾರೇನು? ಮೊದಲ ಕುಂದ್ರೋರು ಅಮ್ಮಾವ್ರೇ ಆಗ್ತಿದ್ರು."

ಕಾಯಕವೆಂಬ ಪದಕ್ಕೆ ಮೂವತ್ತು ವರ್ಷ ಮಕ್ಕಳಿಂದ ಅರ್ಥ ಬರೆಸಿದ ನಾನು ಅವರ ಮಂಚದ ಕಾಲ ಬಳಿ ನೆಲದ ಮೇಲೆ ಕುಳಿತೆ.

ಮಡದಿ ತಾನೇ ಅವರನ್ನು ನೋಡಲು ಬಂದಳು. "ಅಣ್ಣಾರ, ನೀವು ಬಿದ್ದಲ್ಲಿ ನಾ ಬೀಳಬೇಕಾಗಿತ್ತು" ಎಂದು ಕಣ್ಣೀರಿಟ್ಟಳು. ಅವರು ಪ್ಲಾಸ್ಟರಿನ ಕೈಯನ್ನು ಎದೆಗೊರಗಿಸಿಕೊಂಡು ನಕ್ಕರು. "ನೀವು ಬಿದ್ದಿದ್ರ ಮಾಸ್ತರ್ರು ನನಗ ಬೈತಿದ್ರಿ. ಈಗ ನೋಡ್ರಿ, ಬಾಯೇ ತೆಗೀವಲ್ಲರು."

ಆ ಕೈ ಮತ್ತೆ ನಟ್ಟು ಬಿಗಿಯುವ ಬಲ ಪಡೆಯಲಿಲ್ಲ. ಅವರು ಸ್ಟೂಲಿನ ಮೇಲೆ ಕುಳಿತು ಹೇಳುವರು, ಅವರ ತಮ್ಮ ಮಾಡುವನು. ನಮ್ಮ ಗಾಡಿಗೆ ಕಪ್ಪು ಬಣ್ಣದ ಗಟ್ಟಿ ಜೋಡಿಯೊಂದನ್ನು ಹುಡುಕಿ ಹಾಗೆಯೇ ಹಾಕಿಸಿಕೊಟ್ಟರು. ಅಂಗಡಿಗೆ ಹೋದಾಗಲೆಲ್ಲ ಅಂದಿನ ನನ್ನ ಮಾತಿಗೆ ಕ್ಷಮೆ ಕೇಳಬೇಕೆಂದು ನಿಲ್ಲುತ್ತಿದ್ದೆ. ನಾನು ಆರಂಭಿಸುವಷ್ಟರಲ್ಲಿ ಅವರು ಬೇರೆ ಮಾತು ತೆಗೆಯುತ್ತಿದ್ದರು. ನಾನೂ, ಇನ್ನೊಮ್ಮೆ ಆದೀತೆಂದು, ಸುಮ್ಮನಾಗುತ್ತಿದ್ದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಅವರ ತಮ್ಮನ ಫೋನು ಬಂತು. ಹಲ್ಲುಜ್ಜುತ್ತಿದ್ದ ಮಿಸ್ತ್ರಿ ಹಾಗೆಯೇ ಕುಸಿದು ತೀರಿಕೊಂಡರಂತೆ. ನಾನು ಗಾಡಿ ಹತ್ತಿ ಅವರ ಮನೆಗೆ ಹೊರಟೆ.

ಮಣ್ಣು ಕೊಡುವಾಗ, ನೆರೆದವರೆಲ್ಲ ಕೇಳುವಂತೆ ಹೇಳಿದೆ: "ನಿಮ್ಮ ಲಾಭಕ್ಕಾಗಿ ಹೇಳುತ್ತೀರಿ ಎಂದೆನಲ್ಲ ಮಿಸ್ತ್ರಿ, ತಪ್ಪಾಯಿತು."

ಅವರ ತಮ್ಮ ಸಲಿಕೆ ನಿಲ್ಲಿಸಿದ. "ಅಣ್ಣಗ ಗೊತ್ತಿತ್ತು ಬಿಡ್ರಿ" ಎಂದ.

ಗೊತ್ತಿದ್ದವರಿಗೂ ಹೇಳಬೇಕಾದ ಮಾತದು. ನಾನು ಅದನ್ನು ಮಣ್ಣಿಗೆ ಹೇಳಿ ಬಂದೆ.