ಎಡ ತೋಳು ಜಗ್ಗಿದ ಕೋಟು

ವಕೀಲರ ಕಪ್ಪು ಕೋಟಿನ ಎಡ ತೋಳು ಬಲ ತೋಳಿಗಿಂತ ಉದ್ದವಾಗಿತ್ತು. ಅದು ಹೊಲಿದವನ ತಪ್ಪಲ್ಲ. ದಿನಾ ಸಂಜೆ ಕೋರ್ಟಿನಿಂದ ಬಂದವರು ಕೋಟು ಬಿಚ್ಚದೆಯೇ ತಮ್ಮನನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಚಹಾ ಕುಡಿಯಲು ಹೊರಡುತ್ತಿದ್ದರು. ನಲವತ್ತರ ಹತ್ತಿರದ ಆ ತಮ್ಮ, ಸಂತೆಯಲ್ಲಿ ಮಗು ತಾಯಿಯ ಸೆರಗು ಹಿಡಿದ ಹಾಗೆ, ಅಣ್ಣನ ತೋಳಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ನಡೆಯುತ್ತಿದ್ದ. ವರ್ಷಗಟ್ಟಲೆ ಜಗ್ಗಿ ಬಟ್ಟೆ ಇಳಿಬಿದ್ದಿತ್ತು.

"ಏನ್ರೀ ವಕೀಲ್ರೆ, ಒಂದು ಕೈ ಬೆಳೀತಾ ಐತಲ್ರೀ" ಎಂದು ಚಹಾದಂಗಡಿಯವನು ಛೇಡಿಸಿದರೆ, "ಅದು ನನ್ ಕೈಯಲ್ಲ ಕಣಪ್ಪ, ಇವಂದು. ನಾನು ಹೊತ್ಕಂಡು ತಿರುಗ್ತೀನಿ ಅಷ್ಟೆ" ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಚಿತ್ರದುರ್ಗದ ಕಾಲೇಜಿಗೆ ಅಧ್ಯಾಪಕಿಯಾಗಿ ಬಂದ ನನಗೆ ಅವರು ಮನೆಯ ಮುಂದಿನ ಕೋಣೆ ಬಾಡಿಗೆಗೆ ಕೊಟ್ಟಿದ್ದರು. ವಕೀಲರಿಗೆ ಮದುವೆಯಾಗಿರಲಿಲ್ಲ. ಅಣ್ಣ, ತಮ್ಮ, ಹೊಳಲ್ಕೆರೆಯಿಂದ ಆಗಾಗ ಬಂದುಹೋಗುವ ತಂಗಿ, ಇಷ್ಟೇ ಸಂಸಾರ. ಆಗಲೂ ನಾನು ದಿನಚರಿ ಬರೆಯುತ್ತಿದ್ದೆ. ಈಗ ತೆಗೆದು ನೋಡಿದರೆ ಅದರಲ್ಲಿ ನೀರು ಬಂದ ದಿನ, ಕರೆಂಟು ಹೋದ ದಿನ ಇವೆ. ಬೇಕಾದದ್ದು ಇಲ್ಲ. ಹಾಗಾಗಿ ಇಲ್ಲಿ ಬರೆಯುವುದು ನೆನಪಿನಿಂದ. ಅದನ್ನು ಪೂರ್ತಿ ನಂಬಬೇಡಿ ಎಂದು ನನಗೇ ಹೇಳಿಕೊಂಡು ಬರೆಯುತ್ತಿದ್ದೇನೆ.

ತಮ್ಮ ಐಮಂಗಲದ ಹತ್ತಿರ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದವನು. ಲಾರಿಯವರ ಜೊತೆ ಗಾಂಜಾ ಸೇದುವುದು ಕಲಿತ. ಮೊದಲು ಸಂಜೆಗೆ, ಆಮೇಲೆ ಹೊತ್ತಿಲ್ಲ ಗೊತ್ತಿಲ್ಲ. ಒಂದು ದಿನ ಯಾರೋ ತನ್ನ ತಲೆಯೊಳಗೆ ಕುಳಿತು ಮಾತಾಡುತ್ತಿದ್ದಾರೆ ಎಂದು ಸ್ಪಾನರ್ ಹಿಡಿದುಕೊಂಡು ರಸ್ತೆಗೆ ಓಡಿಬಂದನಂತೆ. ಆಸ್ಪತ್ರೆ, ಮಾತ್ರೆ ಎಲ್ಲ ಆಯಿತು. ಗಾಂಜಾದಿಂದಲೇ ಹೀಗಾಯಿತು ಎನ್ನಲಾಗದು, ಅದರಿಂದಲ್ಲ ಎಂದೂ ಹೇಳಲಾಗದು ಎಂದರಂತೆ ಡಾಕ್ಟರು. ವಕೀಲರು ಈ ಮಾತನ್ನು ನನಗೆ ಎಷ್ಟು ಸಲ ಹೇಳಿದರೋ. ಅವರಿಗೆ ಬೇಕಿದ್ದದ್ದು ಒಂದೇ ಒಂದು ನೆಟ್ಟಗಿನ ಉತ್ತರ. ಅದು ಸಿಗಲಿಲ್ಲ.

ಆದರೂ ಗಾಂಜಾ ಕೇಸುಗಳನ್ನು ನಡೆಸುತ್ತಿದ್ದವರು ಅವರೇ. ರಾಗಿ ಸಾಲಿನ ನಡುವೆ, ತೊಗರಿ ಮರೆಯಲ್ಲಿ ಗಿಡ ಹಾಕಿ ಸಿಕ್ಕಿಬಿದ್ದವರು ಹೊಸದುರ್ಗ, ಹಿರಿಯೂರಿನ ಕಡೆಯಿಂದ ಅವರ ಜಗಲಿಗೆ ಬಂದು ಕೂರುತ್ತಿದ್ದರು. ತಂಗಿ ಬಂದಾಗಲೆಲ್ಲ ಇದಕ್ಕೇ ಜಗಳ. "ನಿನಗೆ ನಾಚಿಕೆ ಆಗಲ್ವೇನಣ್ಣ? ಮನೇಲಿ ಇವನ್ನ ಇಟ್ಕಂಡು ಬೆಳೆಯೋರನ್ನ ಬಿಡಿಸ್ತೀಯಲ್ಲ" ಎನ್ನುತ್ತಿದ್ದಳು. ಅವರು ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಅವರದೊಂದು ವಿಚಿತ್ರ ಅಭ್ಯಾಸವಿತ್ತು. ಯಾರು ಗಟ್ಟಿಯಾಗಿ ಒಂದು ಕಡೆ ನಿಂತರೂ ಇವರು ಇನ್ನೊಂದು ಕಡೆ ಹೋಗಿಬಿಡುತ್ತಿದ್ದರು. ನನ್ನ ವಿದ್ಯಾರ್ಥಿಯೊಬ್ಬ, ಸರ್ಕಾರವೇ ಪರವಾನಗಿ ಕೊಟ್ಟರೆ ಕಳ್ಳದಂಧೆ ನಿಲ್ಲುತ್ತದೆ, ತೆರಿಗೆ ಬರುತ್ತದೆ, ನೋವಿನಿಂದ ನರಳುವವರಿಗೆ ಔಷಧಿಯೂ ಆಗುತ್ತದೆ ಎಂದು ಉತ್ಸಾಹದಿಂದ ಹೇಳಿದ. "ಆ ಮೆಟ್ಲ ಮೇಲೆ ಕುಂತಿದಾನಲ್ಲ, ಅವನ ಹತ್ರ ಒಂದರ್ಧ ಗಂಟೆ ಕುಂತ್ಕಂಬಾ. ಆಮೇಲೆ ಮಾತಾಡಾಣ" ಎಂದರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಬೆಳೆದವರನ್ನೆಲ್ಲ ಒಳಗೆ ಹಾಕಬೇಕು ಎಂದಾಗ ಇವರಿಗೆ ಸಿಟ್ಟು ಬಂತು. "ಸಾರಾಯಿ ಪ್ಯಾಕೆಟ್ಟಿಗೆ ಸರ್ಕಾರನೇ ಹರಾಜು ಹಾಕ್ತೈತೆ. ಅದನ್ನ ಕುಡ್ದು ಸತ್ತೋರ ಹೆಂಡ್ರು ದಿನಾ ನನ್ ಜಗಲೀಲಿ ಅವ್ರೆ. ಅವಾಗ ಎಲ್ಲೋಗಿದ್ರಿ ಮೇಷ್ಟ್ರೆ?" ಎರಡು ಪಕ್ಷದವರೂ ಅವರನ್ನು ಎದುರು ಪಕ್ಷದವರೆಂದೇ ತಿಳಿದಿದ್ದರು.

ಆ ಜಗಲಿಗೆ ಬಂದವರಲ್ಲಿ ಮತ್ತೋಡಿನ ಕಡೆಯ ಕುರಿ ಕಾಯುವ ಅಜ್ಜನೊಬ್ಬನಿದ್ದ. ಕುರಿಹಟ್ಟಿಯ ಹಿಂದೆ ನಾಲ್ಕಾರು ಗಾಂಜಾ ಗಿಡ, ಅವನ ಮಾತಲ್ಲಿ ಭಂಗಿ, ಹಾಕಿಕೊಂಡಿದ್ದ. ಪೊಲೀಸರು ಅವನನ್ನೂ ಗಿಡಗಳನ್ನೂ ಒಂದೇ ಜೀಪಿನಲ್ಲಿ ತಂದಿದ್ದರು. ಜಾಮೀನು ಸಿಗುವಷ್ಟರಲ್ಲೇ ವಕೀಲರು ಸುಸ್ತಾಗಿದ್ದರು. ಕುರಿ ಹಿಕ್ಕೆಯಲ್ಲಿ ಬೀಜ ಬಿದ್ದು ಗಿಡ ತಾನಾಗಿ ಹುಟ್ಟಿತ್ತು, ಅಜ್ಜನಿಗೆ ಗೊತ್ತಿರಲಿಲ್ಲ ಎನ್ನುವುದು ಅವರ ವಾದ. ನಂಬುವಂಥ ವಾದವೇ. ಜಡ್ಜು ಕೇಳಿದರೆ "ನಂಗೊತ್ತಿಲ್ಲ ಸ್ವಾಮಿ" ಅನ್ನಬೇಕು ಎಂದು ಅಜ್ಜನಿಗೆ ಜಗಲಿಯಲ್ಲಿ ಕೂರಿಸಿ ಹೇಳಿಕೊಟ್ಟಿದ್ದರು. ಅಜ್ಜ ತಲೆಯಾಡಿಸಿದ್ದ.

ಕೋರ್ಟಿನಲ್ಲಿ ನಾನಿರಲಿಲ್ಲ. ವಕೀಲರು ಎಷ್ಟೋ ಸಲ ಹೇಳಿ, ಈಗ ಕಣ್ಣಾರೆ ಕಂಡ ಹಾಗೇ ಆಗಿದೆ. ಗಿಡ ತಾನಾಗಿ ಹುಟ್ಟಿದ್ದೇ ಎಂದು ಜಡ್ಜು ಕೇಳಿದರಂತೆ.

"ತಾನಾಗಿ ಹುಟ್ಟಾಕೆ ಅದೇನು ಗರಿಕೆನಾ ಸ್ವಾಮಿ? ನಾನೇ ಬೀಜ ಹಾಕಿ ಬಿಂದಿಗೇಲಿ ನೀರು ಹೊತ್ತು ಹೊಯ್ದಿದೀನಿ. ಕುರಿಗೆ ಭೇದಿ ಹತ್ತಿದ್ರೆ ಅರೆದು ಕುಡುಸ್ತೀವಿ. ಮಂಡಿನೋವಿಗೆ ನಾನೂ ಒಂದೀಟು ಎಳೀತೀನಿ. ನೀರು ಹೊಯ್ದ ಗಿಡನ ನಂದಲ್ಲ ಅಂತ ಹೆಂಗನ್ಲಿ?"

ಆಮೇಲೆ ವಕೀಲರ ಕಡೆ ತಿರುಗಿ, "ನೀವು ಬ್ಯಾಸರ ಮಾಡ್ಕಬ್ಯಾಡ್ರಿ" ಎಂದನಂತೆ.

ಶಿಕ್ಷೆಯಾಯಿತು. ಮೇಲಿನ ಕೋರ್ಟಿಗೆ ಹೋದರು. ಅಲ್ಲಿ ಏನಾದರೂ ತೀರ್ಮಾನವಾಗುವ ಹೊತ್ತಿಗೆ ಅಜ್ಜ ಅನುಭವಿಸಬೇಕಾದ್ದನ್ನು ಅನುಭವಿಸಿ ಮುಗಿಸಿದ್ದ. ಮಂದೆ ಕರಗಿಹೋಗಿತ್ತು.

ಶಿಕ್ಷೆಯಾದ ದಿನದ ಸಂಜೆ ವಕೀಲರು ಚಹಾಕ್ಕೆ ಹೋಗಲಿಲ್ಲ. ತಮ್ಮನೋ ತೋಳು ಜಗ್ಗುತ್ತಲೇ ಇದ್ದ.

"ಮೇಡಂ, ಗಾಂಜಾನ ಅಂಗಡೀಲಿ ಸಿಗಂಗೆ ಮಾಡಿದ್ರೆ ಅಜ್ಜ ಉಳ್ಕಂತಿದ್ದ" ಎಂದರು. "ಇನ್ನೊಂದು ನಾಕು ಮನೇಲಿ ಇಂಥ ತಮ್ಮಂದಿರು ಆಗ್ತಿದ್ರೇನೋ. ಬ್ಯಾಡ ಅನ್ನಾಣ ಅಂದ್ರೆ, ಬ್ಯಾಡ ಅನ್ನೋ ಕಾನೂನು ಇದ್ದಾಗ್ಲೇ ಅಲ್ವಾ ಇವನು ಹಿಂಗಾಗಿದ್ದು? ಕಾನೂನು ಅಜ್ಜನ್ನ ಹಿಡೀತು. ಇವನ್ನ ಹಿಡೀಲಿಲ್ಲ."

"ಹಾಗಾದರೆ ನಿಮ್ಮ ತೀರ್ಮಾನ ಏನು ಸಾರ್?"

"ತೀರ್ಮಾನ ಜಡ್ಜಿನ ಕೆಲಸ. ನಂಗೆ ಸಾಕಾಗೈತೆ. ನನಗಿರೋದು ಒಂದೇ ಯೋಚ್ನೆ. ನಾನು ಹೋದ್ಮೇಲೆ ಇವನು ಯಾರ ತೋಳು ಹಿಡೀತಾನೆ?"

 

ಕೆಲವು ವರ್ಷಗಳ ನಂತರ ಸರ್ಕಾರ ಸಾರಾಯಿ ನಿಲ್ಲಿಸಿದ ಮೇಲೆ, ಅದೇ ಜಗಲಿಯಲ್ಲಿ ಕಳ್ಳಭಟ್ಟಿ ಕೇಸಿನವರು ಬಂದು ಕೂರತೊಡಗಿದರು. ವಕೀಲರು ನಕ್ಕರು. ಅಷ್ಟು ಹೊತ್ತಿಗೆ ಸಕ್ಕರೆ ಕಾಯಿಲೆ ಅವರ ಕಿಡ್ನಿಗೆ ಇಳಿದಿತ್ತು. ಕೋಟು ಮೊಳೆಗೆ ತೂಗುತ್ತಿತ್ತು. ಅಣ್ಣನ ಮಂಚದ ಪಕ್ಕ ತಮ್ಮ ನೆಲದ ಮೇಲೆ ಕೂತು ಆ ತೂಗುವ ತೋಳನ್ನೇ ಹಿಡಿದುಕೊಂಡಿರುತ್ತಿದ್ದ.

ಅವರು ತೀರಿಕೊಂಡ ದಿನ ಮಧ್ಯಾಹ್ನದ ಹೊಸದುರ್ಗ ಬಸ್ಸಿಗೆ ಅಜ್ಜ ಬಂದ. ಹೆಗಲ ಮೇಲೆ ಕಂಬಳಿ. ಕೈಮುಗಿದು, ಒಳಗೆ ಜಾಗವಿಲ್ಲದೆ ಮೆಟ್ಟಿಲ ಮೇಲೆ ತಮ್ಮನ ಪಕ್ಕದಲ್ಲಿ ಕೂತ. ತಮ್ಮ ಅವನನ್ನು ಮೂಸಿ ನೋಡಿ, "ಭಂಗಿ ಐತಾ?" ಎಂದು ಕೇಳಿದ. ನಾನು ಬಾಗಿಲಲ್ಲೇ ನಿಂತಿದ್ದೆ.

"ಇಲ್ಲ ಕಣಪ್ಪ. ಈಗ ಹಾಕಲ್ಲ. ನಿಮ್ಮಣ್ಣಂಗೆ ಮಾತು ಕೊಟ್ಟಿದೀನಿ."

ನಾನು ಅಜ್ಜನ ಪಕ್ಕಕ್ಕೆ ಹೋಗಿ, ಏನೆಂದು ಮಾತು ತೆಗೆದುಕೊಂಡಿದ್ದರು ಎಂದು ಕೇಳಿದೆ. ಇಷ್ಟು ವರ್ಷ ಅವರು ಬಾಯಿ ಬಿಡದ ತೀರ್ಮಾನ ಇವನಿಗಾದರೂ ಗೊತ್ತಿರಬಹುದು ಎನಿಸಿತ್ತು.

"ಏನಿಲ್ಲ ತಾಯಿ. ಹಾಕೋದು ತಪ್ಪು ಅನ್ಲಿಲ್ಲ, ಸರಿ ಅನ್ಲಿಲ್ಲ. ಇನ್ನೊಂದ್ಸಲ ಹಿಡಿದ್ರೆ ಬಿಡ್ಸಾಕೆ ನಾನಿರಲ್ಲ, ಹಾಕ್ಬ್ಯಾಡ ಅಂದ್ರು."

ತಮ್ಮ ಈಗ ಹೊಳಲ್ಕೆರೆಯಲ್ಲಿ ತಂಗಿಯ ಮನೆಯಲ್ಲಿದ್ದಾನೆ. ಇಂದಿಗೂ ಯಾರಾದರೂ ಗಾಂಜಾಕ್ಕೆ ಪರವಾನಗಿ ಕೊಡಬೇಕೇ ಎಂಬ ಪ್ರಶ್ನೆಗೆ ಥಟ್ಟನೆ ಹೌದೆಂದೋ ಬೇಡವೆಂದೋ ಹೇಳಿದರೆ ನನ್ನ ಕಣ್ಣು ಹಾಗೆ ಹೇಳಿದವರ ತೋಳಿನ ಕಡೆ ಹೋಗುತ್ತದೆ. ಆ ಅಭ್ಯಾಸ ನನಗೆ ವಕೀಲರು ಬಿಟ್ಟುಹೋದದ್ದು.

ಆ ದಿನದ ದಿನಚರಿಯಲ್ಲಿ "ವಕೀಲರು ಹೋದರು" ಎಂದಷ್ಟೇ ಇದೆ. ಅದಕ್ಕೇ ಇನ್ನೊಂದು ವಿಷಯವನ್ನು ಅಳುಕಿನಿಂದಲೇ ಬರೆಯುತ್ತಿದ್ದೇನೆ. ಹೆಣ ಎತ್ತಿದಾಗ ಎಲ್ಲರೂ ಎದ್ದು ನಿಂತರು. ಅಜ್ಜನೂ ಎದ್ದು ನಡೆಯತೊಡಗಿದ. ಅವನ ಕಂಬಳಿಯ ಒಂದು ಅಂಚು, ಎಡಗಡೆಯದು, ತಮ್ಮನ ಮುಷ್ಟಿಯಲ್ಲಿತ್ತು. ಅಜ್ಜ ತಿರುಗಿ ನೋಡಲಿಲ್ಲ. ಬಿಡಿಸಿಕೊಳ್ಳಲೂ ಇಲ್ಲ. ಹೆಜ್ಜೆಯನ್ನು ಸ್ವಲ್ಪ ನಿಧಾನ ಮಾಡಿದ, ಅಷ್ಟೆ.