ಹಡಗಿನ ಹಗ್ಗದ ಶಿವದಾರ

ನಿಮ್ಮ ತಾತ ಯುದ್ಧದ ಹಡಗಿನಿಂದ ಊರಿಗೆ ತಂದದ್ದು ಹೆಚ್ಚೇನಲ್ಲ. ಒಂದು ಸೀಟಿ, ಟೋಪಿಗೆ ಸುತ್ತುವ ಕಪ್ಪು ಪಟ್ಟಿ, ಒಂದು ಚಾಕು. ಪದಕಗಳು ಆಮೇಲೆ ಅಂಚೆಯಲ್ಲಿ ಬಂದವು. ಮಧುಗಿರಿಯ ಮನೆಯಲ್ಲಿ ಅವರು ಅವನ್ನು ಪೆಟ್ಟಿಗೆಯಿಂದ ತೆಗೆದದ್ದನ್ನೇ ನಾನು ಕಾಣೆ.

ಪಾವಗಡದ ಕಡೆಯ ನನ್ನ ತವರಿನಲ್ಲಿ ತಂಗಿಯ ಮದುವೆ ಬಂತು. ಅಪ್ಪ ಹಟ ಹಿಡಿದರು.

"ಅಳಿಯಂದ್ರೇ, ಅವನ್ನ ಎದೆ ಮ್ಯಾಲೆ ಹಾಕ್ಕಂಡೇ ಬರ್ಬೇಕು. ಗಂಡಿನ ಕಡೇರು ನೋಡ್ಲಿ."

ಹಾಕಿಕೊಂಡು ಬಂದರು. ಚಪ್ಪರದ ಕೆಳಗೆ ನಡೆದರೆ ಪದಕಗಳು ಒಂದಕ್ಕೊಂದು ತಾಕಿ ಸದ್ದು ಮಾಡುತ್ತಿದ್ದವು. ಅಡುಗೆಮನೆಯಲ್ಲಿ ನನ್ನ ಅತ್ತಿಗೆ, "ನಿನ್ ಯಜಮಾನ್ರು ದಸರಾ ಆನೆ ಆಗವ್ರೆ ಕಣಮ್ಮ" ಎಂದಳು. ಹೆಂಗಸರೆಲ್ಲ ನಕ್ಕರು. ನಾನು ಪಲ್ಯದ ಪಾತ್ರೆ ಎತ್ತಿಕೊಂಡು ಹೊರಗೆ ಬಂದೆ.

ಮುಹೂರ್ತ ಮಾರನೆಯ ಬೆಳಿಗ್ಗೆ. ಅದರ ಹಿಂದಿನ ಮಧ್ಯಾಹ್ನ ಬೀಗರ ಜೊತೆ ಮೊದಲ ಪಂಕ್ತಿ. ಊಟಕ್ಕೆ ಮುಂಚೆ ಲಿಂಗವನ್ನು ಅಂಗೈಯಲ್ಲಿಟ್ಟು ವಿಭೂತಿ ಧರಿಸುವುದು ನಮ್ಮ ಪದ್ಧತಿ. ಎಲ್ಲರಂತೆ ಇವರೂ ಲಿಂಗವಿಟ್ಟ ಕರಡಿಗೆಯನ್ನು ಅಂಗಿಯಿಂದ ಹೊರಗೆಳೆದರು. ಅದು ತೂಗುತ್ತಿದ್ದದ್ದು ನೂಲಿನ ಶಿವದಾರದಲ್ಲಲ್ಲ, ಬೆರಳು ಗಾತ್ರದ ಹೆಣೆದ ಬಿಳಿ ಹಗ್ಗದಲ್ಲಿ.

ಎದುರಿಗೆ ಕೂತಿದ್ದ ಗಂಡಿನ ದೊಡ್ಡಪ್ಪ ನೋಡಿದರು.

"ಏಮಪ್ಪಾ ಅಳಿಯಾ, ಎತ್ತಿನ ಮೂಗುದಾರ ಬಿಚ್ಕಂಡ್ ಬಂದ್ಬುಟ್ಟಾ ಹೆಂಗೆ?"

ಪಂಕ್ತಿಯುದ್ದಕ್ಕೂ ನಗು ಹರಿಯಿತು.

"ಹಡಗಿನ ಹಗ್ಗ" ಎಂದರು ಇವರು.

ನಗು ನಿಂತಿತು. ದೊಡ್ಡಪ್ಪ ಎಲೆಯನ್ನು ಮುಂದಕ್ಕೆ ತಳ್ಳಿದರು. "ಯಾರ್ ಯಾರ ಕೈ ಮುಟ್ಟಿದ್ದೋ! ಅದನ್ನ ಲಿಂಗಕ್ಕೆ ಕಟ್ಟಿದ್ದೀಯಾ? ಅದನ್ನ ಬಿಚ್ಚೋವರ್ಗೂ ನಾವು ಎಲೆ ಮುಟ್ಟಲ್ಲ."

ಎಲೆಗಳಲ್ಲಿ ಅನ್ನ ಆರುತ್ತಿತ್ತು. ನಾಳೆಯ ಮದುವೆ ಆ ಒಂದು ಗಂಟಿನ ಮೇಲೆ ನಿಂತಿತ್ತು. ಬಾಗಿಲ ಸಂದಿಯಲ್ಲಿ ತಂಗಿಯ ಮುಖ ಕಂಡಿತು. ಅಷ್ಟು ಜನರ ನಡುವೆ ಸೌಟು ಹಿಡಿದು ನಿಂತ ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಅಪ್ಪ ಬಗ್ಗಿ ಇವರ ಕಿವಿಯಲ್ಲಿ, "ಬಿಚ್ಬುಡಿ ಅಳಿಯಂದ್ರೇ, ಕೈ ಮುಗೀತೀನಿ. ಅಯ್ನೋರ ಕೈಲಿ ಹೊಸ ಶಿವದಾರ ಹಾಕ್ಸ್ತೀನಿ" ಎಂದರು.

ಹಡಗು ಮುಳುಗಿದ ದಿನ ಇವರ ಶಿವದಾರ ನೀರಿನಲ್ಲಿ ಕಿತ್ತುಹೋಗಿ, ಜೊತೆಗಾರನೊಬ್ಬ ಚಾಕು ತೂಗುಹಾಕಿದ್ದ ತನ್ನ ಕೊರಳಿನ ಹಗ್ಗವನ್ನೇ ತೆಗೆದು ಕರಡಿಗೆಗೆ ಬಿಗಿದಿದ್ದನಂತೆ. ಅವನು ದಡ ಸೇರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ.

"ಬಿಚ್ಚಲ್ಲ ಮಾವಾ. ಕಟ್ಟಿದೋನು ಇಲ್ಲ."

ಎದ್ದು ನಿಂತು ಪದಕಗಳನ್ನು ಒಂದೊಂದಾಗಿ ಬಿಚ್ಚಿ ಅಪ್ಪನ ಕೈಯಲ್ಲಿಟ್ಟರು. "ಗಂಡಿನ ಕಡೇರು ನೋಡಿದ್ದಾಯ್ತಲ್ಲ" ಎಂದು ಹೇಳಿ ಚಪ್ಪರ ದಾಟಿ ಹೋದರು. ಅಪ್ಪ ಪದಕ ಹಿಡಿದು ತಲೆ ತಗ್ಗಿಸಿ ನಿಂತರು. ಆ ಹಗ್ಗ ಪಂಕ್ತಿಯಿಂದ ಎದ್ದುಹೋದದ್ದೇ ಸಾಕೆಂದು ಬೀಗರು ಉಣ್ಣತೊಡಗಿದರು.

ನಾನು ಒಂದು ಎಲೆಯಲ್ಲಿ ಅನ್ನ, ಸಾರು ಹಾಕಿಕೊಂಡು ಹೋದೆ. ಹುಣಸೆಮರದ ಕೆಳಗೆ ಗಾಡಿಗೆ ಒರಗಿ ಕೂತಿದ್ದರು.

"ಉಂಡ್ರಾ ಅವ್ರು?"

"ಉಣ್ತಾವ್ರೆ."

"ಸದ್ಯ. ಮದ್ವೆ ನಿಲ್ಲಲ್ಲ."

ಕರಡಿಗೆ ತೆರೆದು, ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದರು. ಕೈ ತೊಳೆಯಲು ಬಂದ ಗಂಡಸರು ನಿಂತು ನೋಡಿದರು. ನನ್ನ ಕಿವಿಗಳು ಕಾದವು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಅವರ ಪಕ್ಕದಲ್ಲೇ ಕೂತೆ. ಅವರು ಎಲೆಯ ಅರ್ಧ ಅನ್ನವನ್ನು ನನ್ನ ಕಡೆಗೆ ಸರಿಸಿ, "ಉಣ್ಣು, ಆರೋಯ್ತದೆ" ಎಂದರು.